ಎಪ್ಪತ್ತು ಮಡಿಚಿದ ಹಾಳೆಗಳು

ಕಾರ್ಖಾನೆಯ ಮ್ಯಾನೇಜರು ಅಳತೆಯ ಟೇಪನ್ನು ಗೋಡೆಯುದ್ದಕ್ಕೂ ಎಳೆದ. ಅದು ಕಪಾಟಿನ ಅಂಚಿಗೆ ತಗುಲಿ ಕರಕರ ಅಂದಿತು. ಅಷ್ಟೇ ಆದದ್ದು. ಅಷ್ಟಕ್ಕೇ ಲೈಬ್ರರಿ ಮಿಸ್ಸು ಕುರ್ಚಿ ಬಿಟ್ಟು ಎದ್ದು ನಿಂತಳು. "ರೂಮು ಚೆನ್ನಾಗಿದೆ ಮೇಡಂ, ಗಾಳಿ ಬೆಳಕು ಎರಡೂ ಇದೆ. ಈ ಕಪಾಟು ತೆಗೆಸಿಬಿಟ್ರೆ ಇಪ್ಪತ್ತು ಕಂಪ್ಯೂಟರು ಆರಾಮಾಗಿ ಕೂರುತ್ತೆ," ಎಂದು ಅವನು ಹೆಡ್‌ಮಿಸ್ಸಿಗೆ ಹೇಳಿದ. ಪಾಪ, ಅವನಿಗೇನು ಗೊತ್ತು. ಆ ಕಪಾಟುಗಳನ್ನು ಮಾಡಿದವರು ಇದೇ ಶಾಲೆಯ ಮರಗೆಲಸದ ಮೇಷ್ಟ್ರು, ಲೈಬ್ರರಿ ಮಿಸ್ಸಿನ ಗಂಡ. ಎರಡು ರಜೆ ಪೂರ್ತಿ ಕೂತು, ಒಂದು ಮೊಳೆಯನ್ನೂ ಹೊಡೆಯದೆ, ಹಲಗೆಗೆ ಹಲಗೆ ಕಚ್ಚಿಸಿ ಗೋಡೆಯೊಳಕ್ಕೆ ಕೂರಿಸಿದ್ದರು. ತೆಗೆಸುವುದು ಅಂದರೆ ಗರಗಸ ಹಾಕಿ ಕೊಯ್ಯುವುದು. ಅವರು ತೀರಿಹೋಗಿ ಆರು ವರ್ಷವಾಗಿತ್ತು. ಒಂದೊಂದು ಹಲಗೆಯ ಅಡಿಯಲ್ಲೂ ಅವರು ಪೆನ್ಸಿಲಿನಲ್ಲಿ ಬರೆದ ಅಂಕಿ ಇನ್ನೂ ಇತ್ತು.

ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಅವಳು ಒಂದು ಚೀಟಿಯನ್ನೂ ಸುಳ್ಳು ಬರೆದವಳಲ್ಲ. ಮಾತಾಡಿದವರಿಗೆಲ್ಲ ಬೆರಳು ತುಟಿಗಿಟ್ಟು ಗದರುವ ಅವಳನ್ನು ಮಕ್ಕಳು 'ಶ್ಶ್ ಮಿಸ್' ಎಂದು ಕರೆಯುತ್ತಿದ್ದವು. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಆರರಿಂದ ಎಂಟರವರೆಗೆ ಮೂರೇ ತರಗತಿಯ ಶಾಲೆ ಅದು. ಮುಂದಿನ ಮೂರು ವರ್ಷ ಮಕ್ಕಳಿಗೆ ಕಂಪ್ಯೂಟರನ್ನು ಹೇಗೆ, ಎಷ್ಟು ಕಲಿಸಬೇಕೆಂದು ಯೋಜನೆ ಮಾಡಲು ಹೆಡ್‌ಮಿಸ್ಸು ಒಂದು ಸಮಿತಿ ಕಟ್ಟಿದ್ದರು. ಕಂಪ್ಯೂಟರ್ ಟೀಚರು, ಕಾರ್ಖಾನೆಯ ಮ್ಯಾನೇಜರು, ಪ್ರೆಸ್ಸಿನ ಯಜಮಾನರು ಮತ್ತು ಒಂದಿಬ್ಬರು ತಂದೆತಾಯಿಗಳು ಅದರಲ್ಲಿದ್ದರು. ಇಪ್ಪತ್ತು ಕಂಪ್ಯೂಟರನ್ನು ಕಾರ್ಖಾನೆಯವರು ಪುಕ್ಕಟೆ ಕೊಡುವವರು. ಆದರೆ ಜನ ಬೇಕು ಅನ್ನಬೇಕು, ಅದು ಅವರ ಷರತ್ತು. ಅದಕ್ಕೇ ಮನೆಮನೆಗೂ ಒಂದೊಂದು ಫಾರಂ ಹೋಗಬೇಕೆಂದಾಯಿತು.

ಫಾರಂ ಹಂಚಿದ ಪೋಷಕರ ಸಭೆಗೆ ಅವಳು ಹೋಗಲಿಲ್ಲ. ತಲೆನೋವು ಎಂದಳು. ತನ್ನ ಕೋಣೆಯ ಹರಾಜನ್ನು ಕುರ್ಚಿ ಹಾಕಿಕೊಂಡು ನೋಡುವಷ್ಟು ಗಟ್ಟಿ ಎದೆ ಅವಳಿಗಿರಲಿಲ್ಲ. ಮರುದಿನ ಹೆಡ್‌ಮಿಸ್ಸು ತಾವೇ ಬೀಗ ಹಾಕಿ, ಮುಚ್ಚಳದ ಮೇಲೆ ಚೀಟಿ ಅಂಟಿಸಿ ಸಹಿ ಮಾಡಿದ್ದ ಮರದ ಡಬ್ಬಿಯನ್ನು ಲೈಬ್ರರಿಗೆ ತಂದಿಟ್ಟರು.

"ಹತ್ತು ದಿನ ಇಲ್ಲೇ ಇರಲಿ. ನಿಮಗಿಂತ ನಂಬಿಕಸ್ಥರು ನಂಗ್ಯಾರಿದ್ದಾರೆ? ಜನ ಬರೀಲಿ, ಆಮೇಲೆ ನೋಡೋಣ. ನೀವು ಸುಮ್ನೆ ಮನಸ್ಸಿಗೆ ಹಚ್ಕೋಬೇಡಿ."

"ನಾನ್ಯಾಕೆ ಹಚ್ಕೊಳ್ಳಲಿ ಮೇಡಂ," ಎಂದಳು ಅವಳು.

ಡಬ್ಬಿಯನ್ನು ಅವಳು ನೋಡಿದ ಕೂಡಲೇ ಗುರುತು ಹಿಡಿದಿದ್ದಳು. ಅದೂ ಗಂಡನದೇ ಕೈಕೆಲಸ. ಎದುರಿಗೆ ಬೀಗ, ಸಹಿ, ಎಲ್ಲ ಸರಿ. ಆದರೆ ಅದರ ತಳದ ಹಲಗೆ ನಾಲ್ಕೇ ಸ್ಕ್ರೂ ಮೇಲೆ ನಿಂತಿತ್ತು. ಸ್ಕ್ರೂಗಳ ತಲೆಗೆ ಮೇಣ ಮೆತ್ತಿ ಮರದ ಬಣ್ಣ ಬಳಿದಿದ್ದರು. "ಯಾವನಾದರೂ ಕೀಲಿ ಕಳೆದರೆ ಡಬ್ಬಿ ಒಡೀಬಾರದಲ್ಲ," ಎಂದು ಅವರು ನಕ್ಕಿದ್ದು ನೆನಪಾಯಿತು. ಆ ನಗು ನೆನಪಾದ ಗಳಿಗೆಯಲ್ಲೇ ಯೋಚನೆಯೂ ಹುಟ್ಟಿತು. ಗಂಡ ಮಾಡಿದ ಕಪಾಟನ್ನು ಗಂಡ ಮಾಡಿದ ಡಬ್ಬಿಯೇ ಉಳಿಸಿದರೆ ಅದರಲ್ಲಿ ಪಾಪವೆಲ್ಲಿ ಬಂತು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹತ್ತನೆಯ ದಿನ ಶನಿವಾರ, ಅರ್ಧ ದಿನದ ಶಾಲೆ. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ, ಡಬ್ಬಿ ಮಗುಚಿ, ಸ್ಕ್ರೂ ಬಿಚ್ಚಿದಳು. ಎಪ್ಪತ್ತೊಂಬತ್ತು ಫಾರಂ ಇದ್ದವು. ಹೆಸರೂ ಮೊದಲ ಪ್ರಶ್ನೆಯ ಟಿಕ್ಕೂ ಹೊರಗೆ ಕಾಣುವಂತೆ ಮಡಿಚಿ ಹಾಕಬೇಕೆಂದು ಫಾರಂನಲ್ಲೇ ಅಚ್ಚಾಗಿತ್ತು, ಎಣಿಕೆಗೆ ಸುಲಭ ಅಂತ. ಮಕ್ಕಳಿಗೆ ಶಾಲೆಯಲ್ಲಿ ಕಂಪ್ಯೂಟರ್ ಬೇಕೇ? ಹೌದು. ಹೌದು. ಹೌದು. ಒಂದೂ ಬಿಡದೆ ಹೌದು. ಯಾರ್ಯಾರ ಮಕ್ಕಳಿಗೆ ಅವಳು ಅಕ್ಷರ ಕೂಡಿಸಿ ಓದಿಸಿದ್ದಳೋ, ಯಾರ್ಯಾರ ಹರಿದ ಪುಸ್ತಕಕ್ಕೆ ದಂಡ ಹಾಕದೆ ತಾನೇ ಅಂಟು ಹಚ್ಚಿದ್ದಳೋ, ಆ ಮನೆಯವರೆಲ್ಲ ಹೌದು ಅಂದಿದ್ದರು. ಅವಳು ಅಳಲಿಲ್ಲ. ಅಳುವುದಕ್ಕೆ ಆಮೇಲೆ ಹೊತ್ತಿದೆ ಅಂದುಕೊಂಡಳು.

ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಕೆಟ್ಟರೆ ಇರಲಿ ಅಂತ ಪ್ರೆಸ್ಸಿನ ಯಜಮಾನರು ನೂರು ಫಾರಂ ಹೆಚ್ಚಿಗೆ ಕಳಿಸಿದ್ದರು, ಲೆಕ್ಕ ಇಟ್ಟವರಿಲ್ಲ. ಎಲ್ಲರೂ ಬೇಡ ಅಂದರೆ ನಾಯಿಯೂ ನಂಬುವುದಿಲ್ಲ. ಅದಕ್ಕೇ ಸಮಿತಿಯವರದ್ದು, ಸಭೆಯಲ್ಲಿ ಬಾಯಿ ಮಾಡುವವರದ್ದು, ಒಟ್ಟು ಒಂಬತ್ತು ಅಸಲಿ ಫಾರಂಗಳನ್ನು ಇದ್ದ ಹಾಗೇ ಪಕ್ಕಕ್ಕಿಟ್ಟಳು. ಉಳಿದ ಎಪ್ಪತ್ತಕ್ಕೆ ಹೊಸ ಹಾಳೆ, ಅವೇ ಹೆಸರು, 'ಬೇಡ'ಕ್ಕೆ ಟಿಕ್ಕು. ಏಳು ಬಗೆಯ ಪೆನ್ನು, ಎರಡು ಪೆನ್ಸಿಲು. ಕೆಲವನ್ನು ಎಡಗೈಯಲ್ಲಿ ಬರೆದಳು. ಕೆಲವು ಟಿಕ್ಕು ಚೌಕದ ಹೊರಗೆ ಬಿತ್ತು, ಬೀಳಲಿ ಎಂದು ಬಿಟ್ಟಳು. ಒಂದಕ್ಕೆ ಚಹಾದ ಲೋಟ ಇಟ್ಟು ಕಲೆ ಮಾಡಿದಳು. ಎಲ್ಲ ಮುಗಿಸಿ ಡಬ್ಬಿಗೆ ಹಾಕುವಾಗ ನೋಡುತ್ತಾಳೆ, ಎಪ್ಪತ್ತೂ ಫಾರಂ ಅಕಾರಾದಿಯಾಗಿ ಜೋಡಿಸಿ ಕೂತಿವೆ! ಮೂವತ್ತೊಂದು ವರ್ಷ ಪಳಗಿದ ಕೈ, ಕೇಳದೆಯೇ ಜೋಡಿಸಿಬಿಟ್ಟಿತ್ತು. ಇನ್ನೇನು ಸಿಕ್ಕಿಬೀಳುತ್ತಿದ್ದೆನಲ್ಲ ಎಂದು ಮೈ ಬೆವರಿತು. ಅಸಲಿ ಒಂಬತ್ತನ್ನೂ ಸೇರಿಸಿ ಇಸ್ಪೀಟಿನ ಎಲೆಯಂತೆ ಮೂರು ಸಲ ಕಲಸಿ ಹಾಕಿ, ತಳದ ಸ್ಕ್ರೂಗಳನ್ನು ಮತ್ತೆ ಬಿಗಿದಳು.

ಫಾರಂನ ಒಳಮಗ್ಗುಲಲ್ಲಿ ಇನ್ನೊಂದು ಪ್ರಶ್ನೆ ಇತ್ತು, ಕೆಳಗೆ ಎಂಟು ಗೆರೆ: 'ಕಂಪ್ಯೂಟರ್ ಎಲ್ಲಿ ಇಡಬೇಕು? ನಿಮ್ಮ ಸಲಹೆ ಬರೆಯಿರಿ.' ತಾನು ಬರೆದ ಎಪ್ಪತ್ತರಲ್ಲೂ ಅದನ್ನು ಖಾಲಿ ಬಿಟ್ಟಿದ್ದಳು. ಗೆರೆ ಹಾಕಿ ಕೊಟ್ಟರೆ ಜನ ಬರೆಯುತ್ತಾರೆಯೇ? ಲೈಬ್ರರಿಯ ಬಾಗಿಲಿಗೆ ಅವಳೇ ಕಟ್ಟಿದ್ದ ಸಲಹೆ ಪುಸ್ತಕದಲ್ಲಿ ಇಷ್ಟು ವರ್ಷಕ್ಕೆ ಎರಡೇ ಬರಹ. ಒಂದು, ಫ್ಯಾನು ರಿಪೇರಿ ಮಾಡಿಸಿ. ಇನ್ನೊಂದು, ಮೀಸೆಯ ಬೆಕ್ಕಿನ ಚಿತ್ರ. ಅಲ್ಲದೆ ಹೆಚ್ಚು ಬರೆದಷ್ಟೂ ಕೈಬರಹ ಸಿಕ್ಕಿಬೀಳುತ್ತದೆ. ಖಾಲಿಯೇ ಕ್ಷೇಮ ಎಂದುಕೊಂಡಿದ್ದಳು.

ಉಳಿದದ್ದು ಎಪ್ಪತ್ತು ಅಸಲಿ ಹಾಳೆ. ಸುಡಬೇಕಿತ್ತು. ಹರಿಯಲಾದರೂ ಬೇಕಿತ್ತು. ಆದರೆ ಬರೆದ ಕಾಗದವನ್ನು ಹರಿಯಲು ಅವಳ ಕೈ ಬರುವುದಿಲ್ಲ, ಅದೊಂದು ರೋಗ. ಮಡಿಚಿದ್ದ ಹಾಗೇ ಒಟ್ಟಿ, ದಬ್ಬಳದಿಂದ ಮೂರು ತೂತು ಹಾಕಿ, ದಾರ ಬಿಗಿದು, ರಟ್ಟು ಕಟ್ಟಿ, ಬೈಂಡಿಂಗಿನ ಕ್ಯಾಲಿಕೋ ಬಟ್ಟೆ ಅಂಟಿಸಿದಳು. ಬೆನ್ನಿಗೆ 'ಹಳೆಯ ವಾರ್ಷಿಕ ವರದಿ' ಎಂದು ಬರೆದು ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ ಇಟ್ಟಳು. ಪುಸ್ತಕಗಳ ನಡುವೆ ಇನ್ನೊಂದು ಪುಸ್ತಕ, ಹುಡುಕುವವರಾರು? ಏಣಿಯಿಂದ ಇಳಿಯುವಾಗ ಹಲಗೆಯ ಅಡಿಯ ಪೆನ್ಸಿಲ್ ಅಂಕಿಯನ್ನು ಬೆರಳಲ್ಲಿ ಮುಟ್ಟಿದಳು. "ಉಳಿಸ್ಕೊಂಡೆ ಕಣ್ರೀ," ಎಂದಳು.

ಸೋಮವಾರ ಮಧ್ಯಾಹ್ನ ಸಮಿತಿ ಲೈಬ್ರರಿಯ ಉದ್ದನೆಯ ಮೇಜಿನ ಸುತ್ತ ಕೂತಿತು. ಬೀಗ, ಚೀಟಿ, ಸಹಿ ಎಲ್ಲವನ್ನೂ ಎಲ್ಲರಿಗೂ ತೋರಿಸಿ ಹೆಡ್‌ಮಿಸ್ಸು ಡಬ್ಬಿ ತೆರೆದರು. ಎಣಿಕೆ ಮುಗಿಯಿತು. ಹೌದು ಒಂಬತ್ತು, ಬೇಡ ಎಪ್ಪತ್ತು. ಕಂಪ್ಯೂಟರ್ ಟೀಚರಿನ್ನೂ ಇಪ್ಪತ್ತಾರರ ಹುಡುಗಿ. ಎರಡು ವರ್ಷದಿಂದ ಮಕ್ಕಳಿಗೆ ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಟ್ಟು ಬೆರಳಾಡಿಸಲು ಕಲಿಸುತ್ತಿದ್ದವಳು. ಅವಳು ಮೆಲ್ಲಗೆ ಲೈಬ್ರರಿ ಮಿಸ್ಸಿನತ್ತ ತಿರುಗಿ, "ನಾನು ಎಲ್ಲಿ ತಪ್ಪಿದೆ ಅಕ್ಕಾ? ಜನಕ್ಕೆ ನಾನೇ ಸರಿಯಾಗಿ ಹೇಳ್ಲಿಲ್ವೇನೋ," ಎಂದಳು. ಕಣ್ಣು ತುಂಬಿತ್ತು. ಶ್ಶ್ ಮಿಸ್ಸು ಮೇಜಿನ ಮೇಲೆ ಚದುರಿದ್ದ ಫಾರಂಗಳ ಅಂಚು ಜೋಡಿಸತೊಡಗಿದಳು. ಈ ಹುಡುಗಿಯ ಮುಖ ಮಾತ್ರ ತನ್ನ ಯೋಜನೆಯಲ್ಲಿ ಇರಲಿಲ್ಲ. ಮ್ಯಾನೇಜರು ಫೈಲು ಮುಚ್ಚಿದ. "ಬೇಜಾರಿಲ್ಲ ಮೇಡಂ. ಬೇರೆ ಶಾಲೆಯವರು ಕೇಳ್ತಿದ್ರು, ಅಲ್ಲಿಗೆ ಕೊಡ್ತೀವಿ," ಎಂದು ಎದ್ದು ನಿಂತ.

"ಒಂದು ನಿಮಿಷ ಕೂತ್ಕೊಳ್ಳಿ. ಒಳಗಡೆದು ಓದಿಲ್ಲ ಇನ್ನೂ," ಎಂದರು ಹೆಡ್‌ಮಿಸ್ಸು. ಒಂದು ಹಾಳೆ ಬಿಚ್ಚಿದರು, ಖಾಲಿ. ಇನ್ನೊಂದು, ಖಾಲಿ. ಒಂಬತ್ತು ಹೌದುಗಳ ಕಡೆ ಕೈ ಹಾಕಿದರು. ಮೊದಲನೆಯದರ ಎಂಟೂ ಗೆರೆ ತುಂಬಿದ್ದವು: ಲೈಬ್ರರಿ ಮುಟ್ಟಬೇಡಿ, ಹಳೆ ಸ್ಟೋರ್ ರೂಮು ಸರಿಮಾಡಿ, ಬಣ್ಣ ನಾವೇ ಹೊಡೆದು ಕೊಡುತ್ತೇವೆ. ಎರಡನೆಯದು: ನನ್ನ ಮಗಳು ಓದಲು ಕಲಿತದ್ದು ಆ ಮಿಸ್ಸಿನ ಹತ್ತಿರ, ಆ ಕೋಣೆ ಹಾಗೇ ಇರಲಿ. ಒಂಬತ್ತೂ ಹಾಗೆಯೇ ಇದ್ದವು, ಪ್ರೆಸ್ಸಿನ ಯಜಮಾನರದ್ದೂ. ಅವರು ಖಾಲಿ ಹಾಳೆಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತ, "ಇದೇನ್ ಮೇಡಂ? ಸಭೇಲಿ ನೀವೇ ಹೇಳಿದ್ರಲ್ಲ, ಕಂಪ್ಯೂಟರೂ ಬರ್ಬೇಕು ಲೈಬ್ರರೀನೂ ಉಳೀಬೇಕು ಅಂದ್ರೆ ಒಳಗೆ ಬರೀರಿ ಅಂತ. ನಮ್ಮ ಬೀದಿಯೋರು ಹನ್ನೊಂದು ಜನ ನನ್ನ ಅಂಗಡೀಲೇ ಕೂತು, ನನ್ನ ಪೆನ್ನಲ್ಲೇ ಬರೆದ್ರು. ಕಣ್ಣಾರೆ ನೋಡಿದೀನಿ. ಅವೆಲ್ಲ ಎಲ್ಲಿ?" ಎಂದರು. ಹೆಡ್‌ಮಿಸ್ಸು ಡಬ್ಬಿಯನ್ನು ಮೆಲ್ಲಗೆ ಮಗುಚಿದರು. ತಳದ ನಾಲ್ಕು ಮೂಲೆಯಲ್ಲೂ ಮೇಣ ಕಿತ್ತುಹೋಗಿ ಸ್ಕ್ರೂಗಳು ಹೊಳೆಯುತ್ತಿದ್ದವು. ಅವರು ತಲೆಯೆತ್ತಿ ಶ್ಶ್ ಮಿಸ್ಸನ್ನು ನೋಡಿದರು, ಸಿಟ್ಟಿನಿಂದಲ್ಲ. ಅವಳ ಕಣ್ಣು ಮಾತ್ರ ಮೇಲಿನ ಹಲಗೆಗೆ ಹೋಗಿತ್ತು. ಅಲ್ಲಿ ತನ್ನ ಕೈಯಾರೆ ಹೊಲಿದಿಟ್ಟ ದಪ್ಪ ಪುಸ್ತಕವಿತ್ತು, ಎಪ್ಪತ್ತು ಮನೆಯವರು ಅವಳಿಗಾಗಿ ಬರೆದದ್ದು. ಅದರ ಒಂದು ಮಡಿಕೆಯನ್ನೂ ಅವಳು ಬಿಚ್ಚಿ ನೋಡಿರಲಿಲ್ಲ.