ಸದ್ದಿಲ್ಲದೆ ತಿರುಗುವ ಫ್ಯಾನು

ಕುಕ್ಕರ್ ಕೂಗುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು. ಹೈಸ್ಕೂಲಿಗೆ ಹೋಗುವ ನನ್ನ ಮಗಳು ಮಾತಿನ ನಡುವೆ ಇದ್ದಕ್ಕಿದ್ದಂತೆ ಕಲ್ಲಾಗುತ್ತಾಳೆ. ಕಣ್ಣು ತೆರೆದೇ ಇರುತ್ತದೆ, ಕೈ ಮಂಜುಗಡ್ಡೆಯಂತೆ ಕೊರೆಯುತ್ತದೆ. ಆಗ ಫ್ಯಾನು ತಿರುಗುತ್ತಿದ್ದರೂ ಅದರ ಸದ್ದು ಕೇಳಿಸುವುದಿಲ್ಲ. ನಾನು ಅವಳ ಮಣಿಕಟ್ಟು ಹಿಡಿದು ಒಗೆಯುವ ಬಟ್ಟೆ, ತೊಳೆಯುವ ಪಾತ್ರೆ ಎಂದು ಏನಾದರೂ ಹೇಳುತ್ತಲೇ ಇರುತ್ತೇನೆ. ಆ ಮಾತಿನ ಜಾಡು ಹಿಡಿದು ಅವಳು ಮರಳುತ್ತಾಳೆ.

ಮೊದಲ ಡಾಕ್ಟರು ಇದು ನರರೋಗ ಎಂದಿದ್ದರು. ಔಷಧಿಗಾಗಿ ಮಗಳನ್ನು ಕರೆದುಕೊಂಡು ದೊಡ್ಡ ಡಾಕ್ಟರ ಬಳಿ ಹೋದರೆ ಅವರು ರಿಪೋರ್ಟನ್ನು ಪಕ್ಕಕ್ಕೆ ತಳ್ಳಿದರು.

"ನರಕ್ಕೆ ಏನೂ ಆಗಿಲ್ಲಮ್ಮ. ನೀವು ತಲೆ ಮೇಲೆ ಕೂರಿಸ್ಕೊಂಡಿದ್ದೀರಿ, ಅವಳು ನಾಟಕ ಆಡ್ತಾಳೆ."

"ನಾಟಕ ಆಡೋರ ಕೈ ತಣ್ಣಗಾಗುತ್ತಾ ಡಾಕ್ಟ್ರೇ?" ಎಂದೆ, ಸಿಟ್ಟು ನುಂಗಿಕೊಂಡು.

ಇದ್ದಕ್ಕಿದ್ದಂತೆ, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದು ನಿಂತಿತು. ಗಾಬರಿಯಿಂದ ಮಗಳ ಕೈ ಹಿಡಿದೆ. ಬೆಚ್ಚಗಿತ್ತು.

"ಅಮ್ಮಾ, ಈ ಸಲ ನನಗಲ್ಲ, ಅವರಿಗೆ," ಎಂದಳು.

ಡಾಕ್ಟರು ಬಾಯಿ ಅರೆತೆರೆದು ಕಲ್ಲಾಗಿದ್ದರು. ಬೇರೇನೂ ತೋಚದೆ ಅವರ ಕೊರೆಯುವ ಮಣಿಕಟ್ಟು ಹಿಡಿದು ಮನೆಗೆಲಸದ ಮಾತು ಶುರು ಮಾಡಿದೆ. ಬಟ್ಟೆ ಮುಗಿದು ಪಾತ್ರೆಗೆ ಬರುವಷ್ಟರಲ್ಲಿ ಫ್ಯಾನಿನ ಸದ್ದು ಕೇಳಿಸಿತು.

"ನಾಟಕ, ಅಷ್ಟೇ," ಎಂದರು ಅವರು. ಆಮೇಲೆ ಕೆಳಗೆ ನೋಡಿ, "ನನ್ನ ಕೈ ಯಾಕಮ್ಮಾ ಹಿಡ್ಕೊಂಡಿದ್ದೀರಿ?"