ಎಲ್ಲ ವೆಬ್‌ಸೈಟೂ ನಕಲಿಯಾದ ಬೆಳಿಗ್ಗೆ

ಬ್ಯಾಂಕಿನ ವೆಬ್‌ಸೈಟ್ ತೆರೆದರೆ ಕೆಂಪು ತ್ರಿಕೋನ. ಇಮೇಲ್ ತೆರೆದರೆ ಕೆಂಪು ತ್ರಿಕೋನ. ದಿನಾ ನಂಬಿ ಓದುವ ಸುದ್ದಿಯ ಪುಟಕ್ಕೂ ಅದೇ ಗತಿ— ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ. ಕಳ್ಳರು ನಿಮ್ಮ ಮಾಹಿತಿಯನ್ನು ಕದಿಯಲು ಯತ್ನಿಸುತ್ತಿರಬಹುದು.’

ಸೋಮವಾರ ಬೆಳಿಗ್ಗೆ ಕುರ್ಚಿ ಕಾರ್ಖಾನೆಯ ಕಚೇರಿಗೆ ‘ಕಳ್ಳರು’ ಎಂಬ ಆ ಒಂದು ಪದವೇ ಸಾಕಾಯಿತು. ನೋಡನೋಡುತ್ತಲೇ ಒಬ್ಬ ಕಳ್ಳಿಯೂ ಸಿಕ್ಕಿಬಿಟ್ಟಳು.

ದೊಡ್ಡಕ್ಕ ಒಳಗೆ ಬಂದಾಗ ಆ ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಕಾರ್ಖಾನೆಗೆ ನಕ್ಷೆ ಬರೆಯುವವಳು. ಅವಳ ಕೈಚೀಲವನ್ನು ಮೇಜಿನ ಮೇಲೆ ಸುರಿದಿದ್ದರು. ಬಾಚಣಿಗೆ, ಊಟದ ಡಬ್ಬಿ, ಅಪ್ಪನ ಮಾತ್ರೆ, ತಿಂಗಳ ದಿನಗಳಿಗೆಂದು ಕಾಗದದಲ್ಲಿ ಸುತ್ತಿಟ್ಟ ಪೊಟ್ಟಣ— ಅದನ್ನೂ ಬಿಡಿಸಿ ನೋಡಿದ್ದರು.

ವಿಮಾ ಕಂಪನಿಯೊಂದಕ್ಕೆ ಮೋಸಗಳನ್ನು ಪತ್ತೆ ಹಚ್ಚಿಕೊಟ್ಟೇ ತಲೆ ನರೆಸಿಕೊಂಡವಳು ದೊಡ್ಡಕ್ಕ. ಬೇಕೆಂದೇ ಸುಟ್ಟ ಗೋದಾಮುಗಳ ಬೂದಿಯನ್ನು ಕೈಯಾರೆ ಕೆದಕಿದ್ದಳು. ಈ ಮೇಜಿಗಿಂತ ಆ ಬೂದಿಯೇ ವಾಸಿ ಅನ್ನಿಸಿತು.

“ಯಾರು ಸುರಿದಿದ್ದು ಇದನ್ನ?”

“ಪೆನ್‌ಡ್ರೈವ್ ಇರಬಹುದು ಅಂತ ಹುಡುಕಿದ್ವಿ ಅಕ್ಕ,” ಎಂದ ಕಾರ್ಖಾನೆಯ ಯಜಮಾನ. ಅವಳ ಬೆನ್ನಿಗೆ ಹುಟ್ಟಿದ ತಮ್ಮ.

“ಸಿಕ್ತಾ?”

“ಇಲ್ಲ.”

“ನಿಮ್ಮ ನಾಚಿಕೆ? ಅದಾದ್ರೂ ಸಿಕ್ತಾ?”

ಯಜಮಾನ ತಲೆ ಕೆರೆದುಕೊಂಡು ನಡೆದದ್ದನ್ನು ಹೇಳಿದ. ಮೊಣಕಾಲಿನಲ್ಲಿ ಬಲವಿಲ್ಲದವರು ಯಾರ ಕೈಯನ್ನೂ ಹಿಡಿಯದೆ ಎದ್ದು ನಿಲ್ಲಬಹುದಾದ ಕುರ್ಚಿ. ಪಾರ್ಶ್ವವಾಯು ಬಡಿದ ಅಪ್ಪನಿಗಾಗಿ ಮನೆಯಲ್ಲೇ ಕೂತು ಬರೆದೆ ಎಂದು ಹುಡುಗಿ ಅದರ ನಕ್ಷೆಯನ್ನು ಶನಿವಾರ ತಂದು ತೋರಿಸಿದ್ದಳು. ದೊಡ್ಡ ಪ್ರದರ್ಶನವೊಂದಕ್ಕೆ ಅದನ್ನು ಕಳಿಸುವುದೆಂದಾಗಿತ್ತು. ಕಳಿಸಲು ಸೋಮವಾರವೇ ಕೊನೆ. ಆದರೆ ಬೆಳಿಗ್ಗೆ ಯಜಮಾನನ ಅಳಿಯ ತನ್ನ ಕಂಪ್ಯೂಟರ್ ತೆರೆದು ಅದೇ ಕುರ್ಚಿಯ ನಕ್ಷೆ ತೋರಿಸಿದ. ಫೈಲಿನ ಮೇಲೆ ಹೋದ ವರ್ಷದ ದಿನಾಂಕ!

“ನನ್ನದನ್ನ ನೋಡ್ಕೊಂಡು ಬರೆದಿದ್ದಾಳೆ ಅತ್ತೆ,” ಎಂದ ಅಳಿಯ. “ಅದು ಸಾಲದು ಅಂತ ವೈರಸ್ ಬೇರೆ ಬಿಟ್ಟಿದ್ದಾಳೆ. ಪ್ರದರ್ಶನದವರ ವೆಬ್‌ಸೈಟೂ ತೆರೀತಿಲ್ಲ. ನೋಡಿ, ಎಲ್ಲಾ ಕಡೆ ಕೆಂಪು!”

“ಕೆಲಸಗಾರರೆಲ್ಲರ ಮುಂದೆ ಕಳ್ಳಿ ಅಂದ್ರಮ್ಮ,” ಹುಡುಗಿಯ ದನಿ ಒಣಗಿತ್ತು. “ಮಧ್ಯಾಹ್ನ ಪೊಲೀಸರನ್ನ ಕರೀತಾರಂತೆ. ಇನ್ಯಾವ ಕಾರ್ಖಾನೆಯವರು ನನ್ನ ಒಳಗೆ ಬಿಡ್ತಾರೆ?”

ದೊಡ್ಡಕ್ಕ ಎದುರು ಮೇಜಿನ ಗುಮಾಸ್ತನ ಕಡೆ ತಿರುಗಿದಳು.

“ನಿಮ್ಮ ಕಂಪ್ಯೂಟರ್ ಹೇಗಿದೆ?”

“ನಂದು ನನ್ನ ಹಾಗೇ ಮುದಿಯಾಗಿದೆ. ಕೆಮ್ಮುತ್ತೆ, ಆದ್ರೆ ಕರೆದ ಕಡೆ ಬರುತ್ತೆ. ಎಲ್ಲಾ ತೆರೀತಿದೆ.”

“ಇಬ್ಬರದೂ ಒಂದೇ ಇಂಟರ್ನೆಟ್ಟಾ?”

“ಒಂದೇ. ಆದ್ರೆ ಅಳಿಯಂದಿರ ಯಂತ್ರ ಅಲ್ವಾ, ಸುಖವಾಗಿ ಬೆಳೆದದ್ದು! ಬೆಳಿಗ್ಗೆ ಆನ್ ಮಾಡಿದ ಕೂಡಲೇ ಪರದೆ ಮೇಲೆ ಇಷ್ಟು ದಪ್ಪಕ್ಷರದಲ್ಲಿ ‘ಭಾನುವಾರ’ ಅಂತು. ಕೆಲಸ ಅಂದ್ರೆ ಅದಕ್ಕೂ ಮೈಗೆ ಆಗಲ್ಲ ಅಂತ ನಕ್ಕಿದ್ದೇ ನಕ್ಕಿದ್ದು ನಾನು.”

“ಹೊಟ್ಟೆಕಿಚ್ಚು,” ಅಳಿಯ ಗೊಣಗಿದ. “ವೈರಸ್ ಹೊಕ್ಕ ಮೇಲೆ ವಾರವೇನು, ಎಲ್ಲಾ ತಪ್ಪೇ.”

ದೊಡ್ಡಕ್ಕ ಅವನ ಕುರ್ಚಿಯಲ್ಲಿ ಕೂತಳು. ಕೀಲಿಮಣೆಯ ಸಂದುಗಳಲ್ಲಿ ತಿಂಡಿಯ ಪುಡಿ, ಗುಂಡಿಗಳ ಮೇಲೆ ಎಣ್ಣೆಯ ಜಿಡ್ಡು. ಸೆರಗಿನ ಚುಂಗಿನಿಂದ ಒರೆಸಿಕೊಂಡೇ ಮುಟ್ಟಿದಳು.

“ಅಳಿಯಂದಿರೇ, ಈ ಕಂಪ್ಯೂಟರ್‌ನ ಬೇರೆ ಯಾರು ಮುಟ್ತಾರೆ?”

“ಯಾರೂ ಇಲ್ಲ. ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತು.”

“ನಕ್ಷೆ?”

“ಪ್ರತಿ ಗೆರೇನೂ ನನ್ನದೇ. ಇಲ್ಲೇ ಕೂತು ಬರೆದಿದ್ದು.”

“ಫೈಲಿನ ಮೇಲಿರೋ ದಿನಾನೇ ಬರೆದಿದ್ದಾ?”

“ಹೌದು.”

“ಆಣೆ ಮಾಡೋ ಅಷ್ಟು ನಿಜವಾ?”

“ಏನತ್ತೆ ಇದು? ಕಳ್ಳಿನ ಬಿಟ್ಟು ನನ್ನ ಕೇಳ್ತಿದ್ದೀರಿ!”

ದೊಡ್ಡಕ್ಕ ಕೆಂಪು ಎಚ್ಚರಿಕೆಯ ಅಡಿಯಲ್ಲಿದ್ದ ‘ಹೆಚ್ಚಿನ ವಿವರ’ವನ್ನು ಒತ್ತಿದಳು. ಸಣ್ಣಕ್ಷರದ ಒಂದು ಸಾಲು ಬಿಚ್ಚಿಕೊಂಡಿತು. ಓದಿದಳು. ಆಮೇಲೆ ಗಡಿಯಾರದ ಸೆಟ್ಟಿಂಗ್ ತೆರೆದು ಒಂದೇ ಒಂದು ಗುಂಡಿ ಸರಿಸಿದಳು.

ಬ್ಯಾಂಕ್ ತೆರೆಯಿತು. ಇಮೇಲ್ ತೆರೆಯಿತು. ಸುದ್ದಿಯ ಪುಟವೂ ತೆರೆಯಿತು. ಕೆಂಪು ಎಲ್ಲೂ ಇರಲಿಲ್ಲ.

“ವೈರಸ್ ಎಲ್ಲಿ ಹೋಯ್ತು?” ಯಜಮಾನ ಬಾಯಿ ತೆರೆದ.

“ಇತ್ತೆಲ್ಲೋ, ಹೋಗೋಕೆ? ನೀವೆಲ್ಲಾ ಕೆಂಪು ಬಣ್ಣ ನೋಡಿ ಕಿರುಚಿದ್ರಿ, ಕೆಳಗಿನ ಸಾಲು ಒಬ್ಬರೂ ಓದಲಿಲ್ಲ. ಒಂದೊಂದು ವೆಬ್‌ಸೈಟಿಗೂ ಗುರುತಿನ ಚೀಟಿ ಥರ ಒಂದು ಪ್ರಮಾಣಪತ್ರ ಇರುತ್ತೆ. ಈ ದಿನದಿಂದ ಈ ದಿನದವರೆಗೆ ನಡೆಯುತ್ತೆ ಅಂತ ಅದರಲ್ಲಿ ಬರೆದಿರುತ್ತೆ. ಈ ಕಂಪ್ಯೂಟರ್ ಹೋದ ವರ್ಷದಲ್ಲಿ ಬದುಕಿತ್ತು. ಈ ವರ್ಷ ಕೊಟ್ಟ ಚೀಟಿ ಅದರ ಕಣ್ಣಿಗೆ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಊರವರೆಲ್ಲ ಅದಕ್ಕೆ ಕಳ್ಳರು!”

“ಹೋದ ವರ್ಷದಲ್ಲಾ?”

“ಗುಮಾಸ್ತರು ನಕ್ಕು ಬಿಟ್ಟರಲ್ಲ, ಸುಳಿವು ಇದ್ದದ್ದೇ ಅಲ್ಲಿ. ಇವತ್ತು ಸೋಮವಾರ. ಹೋದ ವರ್ಷ ಇದೇ ತಾರೀಖು ಭಾನುವಾರ ಬಿದ್ದಿತ್ತು. ತಾರೀಖು ಸರಿ, ತಿಂಗಳು ಸರಿ, ವರ್ಷ ಮಾತ್ರ ಹಿಂದೆ. ವರ್ಷ ಯಾರು ನೋಡ್ತಾರೆ? ಹಿಂದೆ ಹಾಕಿದವನೇ ನೋಡಲಿಲ್ಲ.”

ಅಳಿಯ ಪರದೆಯ ಕಡೆ ಕೈ ಮಾಡಿದ. “ಗಡಿಯಾರ ತಾನಾಗಿ ಕೆಟ್ಟಿರಬಹುದು—”

“ಗಡಿಯಾರ ಕೆಡುತ್ತೆ. ಆದ್ರೆ ಸರಿಯಾದ ಸಮಯಾನ ತಾನೇ ಹೊಂದಿಸಿಕೊಳ್ಳೋ ಗುಂಡಿ ತಾನಾಗಿ ಆಫ್ ಆಗಲ್ಲ. ಯಾರೋ ಕೈಯಿಂದ ಆಫ್ ಮಾಡಬೇಕು. ನಿನ್ನ ಫೈಲಿನ ತಾರೀಖು ನೋಡು— ನಿನ್ನೆಗೆ ಸರಿಯಾಗಿ ಒಂದು ವರ್ಷ. ಇವಳ ನಕ್ಷೆ ಶನಿವಾರ ಈ ಕೋಣೇಲಿ ಉಳೀತು. ನಿನ್ನೆ ರಜಾ. ನೀನು ಬಂದೆ, ವರ್ಷ ಹಿಂದೆ ತಳ್ಳಿದೆ, ಇವಳದನ್ನ ಗೆರೆಗೆರೆ ನಕಲು ಮಾಡಿದೆ. ವರ್ಷ ವಾಪಸ್ ತರೋದು ಮಾತ್ರ ಮರೆತೆ. ಪಾಸ್‌ವರ್ಡ್ ನಿನಗೊಬ್ಬನಿಗೇ ಗೊತ್ತು ಅಂತ ಈಗತಾನೆ ನೀನೇ ಹೇಳಿದೆ.”

‘ಅಳಿಯಂದಿರೇ’ ಹೋಗಿ ‘ನೀನು’ ಬಂದದ್ದನ್ನು ಎಲ್ಲರೂ ಕೇಳಿಸಿಕೊಂಡರು. ಅಳಿಯ ಮಾವನ ಮುಖ ನೋಡಿದ. ಮಾವ ನೆಲ ನೋಡಿದ.

“ಮಾವ... ಪ್ರದರ್ಶನದಲ್ಲಿ ಹೆಸರು ಬಂದ್ರೆ ನಮ್ಮ ಮನೆತನಕ್ಕೇ ತಾನೆ...”

“ಥೂ!” ಎಂದಳು ದೊಡ್ಡಕ್ಕ. “ಕದ್ದಿದ್ದಕ್ಕೆ ಇಷ್ಟು ಅಸಹ್ಯ ಆಗಿರಲಿಲ್ಲ. ಕದ್ದವಳು ಅವಳೇ ಅಂತ ಅವಳ ಚೀಲ ಬಿಡಿಸಿ ನೋಡಿದ್ಯಲ್ಲ, ಅದಕ್ಕೆ.”

ಯಜಮಾನ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ. “ಅಕ್ಕ, ಆಗಿದ್ದು ಆಗಿಹೋಯ್ತು. ಮಗಳ ಸಂಸಾರ. ವೈರಸ್ಸೇ ಇತ್ತು, ತೆಗೆಸಿದ್ವಿ ಅಂದುಬಿಡೋಣ. ಇವಳ ಕೆಲಸಕ್ಕೆ ತೊಂದರೆ ಆಗದ ಹಾಗೆ ನೋಡ್ಕೋತೀನಿ.”

ಅಳಿಯನ ಮೇಲಿದ್ದ ಹೇಸಿಗೆ ಈಗ ತಮ್ಮನ ಕಡೆ ತಿರುಗಿತು. ತಾನೇ ಕೈ ಹಿಡಿದು ನಡೆಸಿದ ತಮ್ಮ.

“ಕಳ್ಳಿ ಅಂತ ಕೂಗಿದ್ದು ಎಲ್ಲಿ?”

“...ಕಾರ್ಖಾನೆಯಲ್ಲಿ.”

“ಹಾಗಾದ್ರೆ ನಿಜಾನೂ ಅಲ್ಲೇ ಕೂಗು. ನೀನು ಕೂಗ್ತೀಯೋ, ನಾನು ಕೂಗಲೋ?”

ಬಾಗಿಲನ್ನು ಅವಳೇ ದಬಾರನೆ ತೆರೆದಳು. ಗರಗಸದ ಯಂತ್ರಗಳು ಒಂದೊಂದಾಗಿ ನಿಂತವು. ಮರದ ಪುಡಿ ಮೆತ್ತಿದ ಮುಖಗಳೆಲ್ಲ ಇತ್ತ ತಿರುಗಿದವು. ಯಜಮಾನ ಎರಡು ಸಲ ಗಂಟಲು ಸರಿ ಮಾಡಿಕೊಂಡ.

“ಕುರ್ಚಿ ನಕ್ಷೆ ಈ ಹುಡುಗೀದೇ. ಕದ್ದವನು... ನನ್ನ ಅಳಿಯ.”

ಹಿರಿಯ ಬಡಗಿಯೊಬ್ಬ ಕಿಟಕಿಯ ಹತ್ತಿರ ಹೋಗಿ ಆಚೆಗೆ ಉಗಿದು ಬಂದ.

ಹುಡುಗಿ ಗುಮಾಸ್ತನ ಮೇಜಿಗೆ ಹೋಗಿ ಪ್ರದರ್ಶನದವರ ವೆಬ್‌ಸೈಟ್ ತೆರೆದು ತನ್ನ ಹೆಸರು ತುಂಬಿದಳು, ನಕ್ಷೆ ಸೇರಿಸಿದಳು. ಯಜಮಾನ ಅವಳ ಹೆಗಲ ಹಿಂದೆ ಬಂದು ನಿಂತು ಪರದೆಯ ಖಾಲಿ ಜಾಗವೊಂದನ್ನು ತೋರಿಸಿದ.

“ಕಾರ್ಖಾನೆ ಹೆಸರು ಬಿಟ್ಟುಹೋಯ್ತಲ್ಲಮ್ಮ.”

“ಬಿಟ್ಟುಹೋಗಿಲ್ಲ ಸಾರ್,” ಎಂದು ಹುಡುಗಿ ‘ಕಳಿಸು’ ಒತ್ತಿದಳು.