ನಾನೂರ ಹದಿಮೂರನೇ ಸಾಲು

ಬೇರೆಯವರು ಬರೆದ ಕಂಪ್ಯೂಟರ್ ಕೋಡನ್ನು ತಪ್ಪು ಹಿಡಿಯುವ ಸ್ಕ್ಯಾನರ್ ತಂತ್ರಾಂಶಕ್ಕೆ ಹಾಕಿ, ಕಳ್ಳರು ನುಸುಳುವಂಥ ಸಂದಿ ಎಲ್ಲಿದೆ ಎಂದು ಹುಡುಕುವುದು ನನ್ನ ಕೆಲಸ. “ಹುಳುಕು ಹುಡುಕೋದಕ್ಕೂ ಸಂಬಳ ಕೊಡ್ತಾರಾ? ಮನೇಲಿ ಪುಕ್ಕಟೆ ಮಾಡ್ತೀರಲ್ಲ,” ಎನ್ನುತ್ತಾಳೆ ಹೆಂಡತಿ.

ಆ ಮಧ್ಯಾಹ್ನ ಬಂದದ್ದು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಹಾಕುವ ಎಲೆಕ್ಟ್ರಾನಿಕ್ ಬೀಗದ ಕೋಡು. ನಾನು ಸಹಿ ಹಾಕಿದರೆ ಮರುದಿನವೇ ಬೀಗ ಕೂರಿಸುತ್ತಾರೆ. ನನ್ನ ಕಣ್ತಪ್ಪಿದರೆ ಯಾವುದೋ ಮಗು ಬೀದಿಗೆ ಹೋಗುತ್ತದೆ. ಸ್ಕ್ಯಾನರ್ ಒಂದೇ ಎಚ್ಚರಿಕೆ ಕೊಟ್ಟಿತು: ನಾನೂರ ಹದಿಮೂರನೇ ಸಾಲು, ಒಳಗಿನಿಂದ ತೆರೆಯಬಹುದು. ಕೋಡಿನಲ್ಲಿ ಇದ್ದದ್ದು ನಾನೂರ ಹನ್ನೆರಡೇ ಸಾಲು.

“ಅದಕ್ಕೂ ಊಟದ ಮಂಪರು ಕಣಯ್ಯಾ,” ಎಂದರು ಪಕ್ಕದ ಮೇಜಿನ ಹಿರಿಯರು. “ಸುಳ್ಳು ಎಚ್ಚರಿಕೆ ಅಂತ ಕಾರಣ ಬರೆದು ಸಹಿ ಹಾಕು.”

ಬರೆಯಲು ಹೋದರೆ ಕಾರಣ ಆಗಲೇ ಇತ್ತು, ನನ್ನ ಹೆಸರಿನಲ್ಲಿ: ‘ಆಡಿ ಬರಲಿ ಬಿಡಿ.’ ಪಕ್ಕದಲ್ಲಿ ದಾಖಲಾದ ಸಮಯ ಮೂರು ಹತ್ತು. ಗೋಡೆಯ ಗಡಿಯಾರದಲ್ಲಿ ಇನ್ನೂ ಮೂರು. ಆ ಸೆಖೆಯಲ್ಲೂ ಕೀಬೋರ್ಡು ತಣ್ಣಗಿತ್ತು. ಎಲ್ಲಿಂದಲೋ ಎಳೆಮಕ್ಕಳ ಪೌಡರಿನ ವಾಸನೆ ತೇಲಿಬಂತು. ನಿದ್ದೆಯಲ್ಲಿ ಯಾರೋ ಪುಟ್ಟ ಕೈಯಿಂದ ಹಿಡಿದು ಕರೆದೊಯ್ದಂತೆ ನನ್ನ ಬೆರಳು ಸಹಿಯ ಗುಂಡಿಯ ಮೇಲೆ ಹೋಗಿ ನಿಂತಿತ್ತು. ಹೇಗೋ ಹಿಂದೆಳೆದುಕೊಂಡೆ.

“ಬೇಡ ಸರ್, ವಾಪಸ್ ಕಳಿಸ್ತೀನಿ,” ಎಂದೆ.

ಕೋಡು ವಾಪಸಾಯಿತು. ಆಸ್ಪತ್ರೆಯವರು ಹಳೆಯ ಬೀಗವನ್ನೇ ಉಳಿಸಿಕೊಂಡರು. ಕೋಡಿನ ಜೊತೆ ಪರೀಕ್ಷೆಗೆಂದು ಬಂದಿದ್ದ ಮಾದರಿ ಬೀಗ ನಮ್ಮ ಕಪಾಟಿನ ಡಬ್ಬಿಯಲ್ಲಿದೆ. ಇಂದಿಗೂ ಯಾವ ಬಾಗಿಲಿಗೂ ಕೂರಿಸಿಲ್ಲ. ಆದರೂ ದಿನಾ ಮೂರು ಹತ್ತಕ್ಕೆ ಅದರ ದಾಖಲೆಯಲ್ಲಿ ಒಂದು ಸಾಲು ಸೇರುತ್ತದೆ: ಬಾಗಿಲು ತೆರೆಯಿತು, ಒಳಗಿನಿಂದ.

ಮುಚ್ಚಿತು ಎಂಬ ಸಾಲು ಈವರೆಗೆ ಒಂದೂ ಬಂದಿಲ್ಲ.